ಒಂದು ನಲ್ಲಿ, ಐದು ಮನೆ

ಮಂಗಳೂರು, ಉಡುಪಿ ಕಡೆಯ ಪತ್ರಿಕೆಗಳಲ್ಲಿ ಶಾಲಾ ವಠಾರದಲ್ಲಿ ವನಮಹೋತ್ಸವ ನಡೆಯಿತು, ದೇವಸ್ಥಾನದ ವಠಾರದಲ್ಲಿ ಯಕ್ಷಗಾನ ನಡೆಯಿತು ಎಂಬ ಸುದ್ದಿ ಕಂಡಾಗ ಬೆಂಗಳೂರಿನವರಾದ ನಮಗೆ ಒಂದು ಗಳಿಗೆ ಗಲಿಬಿಲಿಯಾಗುತ್ತದೆ. ಅವರಿಗೆ ವಠಾರವೆಂದರೆ ಆವರಣ. ನಮಗೆ ಹಾಗಲ್ಲ. ಚಾಮರಾಜಪೇಟೆಯಲ್ಲೋ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹುಟ್ಟಿ ಬೆಳೆದವರಿಗೆ ವಠಾರವೆಂದರೆ ಬೀದಿಗೆ ಒಂದು ಬಾಗಿಲು, ಒಳಗೆ ಇಬ್ಬರು ಎದುರು ಬದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಷ್ಟು ಓಣಿ, ಅದರ ಪಕ್ಕಕ್ಕೆ ರೈಲಿನ ಡಬ್ಬಿಗಳ ಹಾಗೆ ಅಂಟಿಕೊಂಡ ಮನೆಗಳು, ಕೊನೆಯಲ್ಲಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಅದರಾಚೆ ಎಲ್ಲರಿಗೂ ಸೇರಿ ಒಂದೋ ಎರಡೋ ಕಕ್ಕಸು. ಮುಂದಿನ ದೊಡ್ಡ ಮನೆಯಲ್ಲಿ ಮನೆ ಮಾಲೀಕರು. ಹಿಂದೆ ಬಾಡಿಗೆಯವರು.

ಬೆಂಗಳೂರಿನ ಚರಿತ್ರೆಯ ಪುಸ್ತಕಗಳಲ್ಲಿ ಕೆಂಪೇಗೌಡರು ಬರುತ್ತಾರೆ, ಟಿಪ್ಪು ಸುಲ್ತಾನ್ ಬರುತ್ತಾನೆ, ದಿವಾನರು ಬರುತ್ತಾರೆ. ತಿಂಗಳ ಐದನೇ ತಾರೀಖಿನೊಳಗೆ ಯಾರು ಯಾರ ಕೈಗೆ ಬಾಡಿಗೆ ಕೊಟ್ಟರು ಎಂಬ ಸಂಗತಿ ಅಷ್ಟಾಗಿ ಬರುವುದಿಲ್ಲ. ಆದರೆ ಈ ಮೂರು ಬಡಾವಣೆಗಳ ಅರ್ಧ ಬದುಕು ನಡೆದದ್ದು ಆ ಐದನೇ ತಾರೀಖಿನ ಮೇಲೆಯೇ. ಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡುವ ನಾನು ಯುದ್ಧಗಳ ಇಸವಿಗಳನ್ನು ಮೂವತ್ತು ವರ್ಷ ಬಾಯಿಪಾಠ ಮಾಡಿಸಿದ್ದೇನೆ. ಬಾಡಿಗೆಯ ಇಸವಿಗಳೂ ಅಷ್ಟೇ ಮುಖ್ಯ ಎಂಬುದು ತಿಳಿದದ್ದು ಮದುವೆಯಾಗಿ ಚಾಮರಾಜಪೇಟೆಯ ಒಂದು ವಠಾರದ ಮುಂದಿನ ಮನೆಗೆ ಬಂದ ಮೇಲೆ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಅಲ್ಲಿಯವರೆಗೆ ಕೋಟೆಯ ಉತ್ತರಕ್ಕಿದ್ದ ಹಳೇ ಪೇಟೆಯೇ ಊರು. ಚಿಕ್ಕಪೇಟೆ, ನಗರ್ತಪೇಟೆ, ಬಳೇಪೇಟೆ ಎಂದು ಕಸುಬಿಗೊಂದು ಬೀದಿ, ಅಂಗಡಿಯ ಹಿಂದೆಯೇ ಸಂಸಾರ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ ಪ್ಲೇಗು ಆ ಇಕ್ಕಟ್ಟಿನ ಬೀದಿಗಳಲ್ಲಿ ಹಬ್ಬಿತು. ಇಲಿ ಸತ್ತರೆ ಮನೆ ಬಿಡಬೇಕು ಎಂದು ಜನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ನೇರ ರಸ್ತೆಗಳು, ಗಾಳಿ ಬೆಳಕು, ಮನೆಗಳ ಹಿಂಬದಿಗೆ ಝಾಡಮಾಲಿಗಳು ಓಡಾಡಲು ಸಂದಿ, ಹೀಗೆ ಅಳತೆ ಮಾಡಿ ಕಟ್ಟಿಸಿತು. ಆ ಸಂದಿಗಳಿಗೆ ಕನ್ಸರ್ವೆನ್ಸಿ ಎಂಬ ದೊಡ್ಡ ಹೆಸರು. ಈಗಲೂ ಮಲ್ಲೇಶ್ವರದಲ್ಲಿ ಅಡ್ಡಾಡಿದರೆ ಕಾಣಸಿಗುತ್ತವೆ. ಬೆಳಗಾಗುವ ಮೊದಲೇ ತಲೆಯ ಮೇಲೆ ಮಲ ಹೊತ್ತು ಆ ಸಂದಿಯಲ್ಲಿ ನಡೆದವರ ಮುಖವನ್ನು ಮುಂಬಾಗಿಲಿನವರು ನೋಡಲಿಲ್ಲ. ಚೊಕ್ಕಟವಾದ ಬಡಾವಣೆ ಎಂದು ಹೊಗಳುವಾಗ ಅದೂ ನೆನಪಿರಬೇಕು.

ಹೊಸ ಬಡಾವಣೆಗೆ ಬೇಕಾದದ್ದೆಲ್ಲ ಒಂದೊಂದಾಗಿ ಬಂತು. 1890ರ ದಶಕದ ನಡುವೆ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೀದಿ ದೀಪವಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಆರಂಭವಾದವು. ಶಾಲೆ ಕಾಲೇಜು ಕಚೇರಿ ಇರುವ ಕಡೆ ಜನ ಬರದೇ ಇರುತ್ತಾರೆಯೇ? ತುಮಕೂರು, ಕೋಲಾರ, ಹಾಸನದ ಹಳ್ಳಿಗಳಿಂದ ಗುಮಾಸ್ತರು ಬಂದರು, ಮೇಷ್ಟ್ರುಗಳು ಬಂದರು, ವಾರಾನ್ನ ಮಾಡಿಕೊಂಡು ಓದುವ ಹುಡುಗರು ಬಂದರು. ಅವರಾರಿಗೂ ನಿವೇಶನ ಕೊಳ್ಳುವ ಶಕ್ತಿ ಇರಲಿಲ್ಲ. ಇತ್ತ ನಿವೇಶನ ಕೊಂಡವರಿಗೆ ಉದ್ದನೆಯ ಹಿತ್ತಿಲು. ಅಲ್ಲಿ ಹಸು ಕಟ್ಟುತ್ತಿದ್ದರು, ಬಾಳೆ, ಹಲಸು ಹಾಕಿದ್ದರು. ಹಸುವಿನ ಕೊಟ್ಟಿಗೆಗೆ ಗೋಡೆ ಎತ್ತಿದರೆ ಒಂದು ಬಾಡಿಗೆ ಮನೆ ಎಂಬ ಲೆಕ್ಕ ಬೇಗನೆ ಹೊಳೆಯಿತು. ನಮ್ಮ ಎಷ್ಟೋ ವಠಾರಗಳ ಮೂಲ ಕೊಟ್ಟಿಗೆ ಎಂದರೆ ಯಾರೂ ಬೇಸರ ಪಡಬಾರದು.

ಈ ಲೆಕ್ಕ ಹಾಕಿದವರಲ್ಲಿ ಹೆಂಗಸರು ಬಹಳ. ಯಾವ ಕಾಗದದಲ್ಲೂ ಅದು ಎದ್ದು ಕಾಣುವುದಿಲ್ಲ, ಆದರೆ ನಮ್ಮ ಬೀದಿಯ ಹಳಬರನ್ನು ಕೇಳಿದರೆ ಆ ವಠಾರ ಇಂಥ ಅಮ್ಮನದು, ಈ ವಠಾರ ಇಂಥ ಅಜ್ಜಿಯದು ಎಂದೇ ಹೇಳುತ್ತಿದ್ದರು. ಕಾರಣ ಸರಳ. ಗಂಡ ಸತ್ತ ಹೆಂಗಸು ಅಂದಿನ ಕಾಲಕ್ಕೆ ಕಚೇರಿಗೆ ಹೋಗುವಂತಿಲ್ಲ, ಅಂಗಡಿ ಇಡುವಂತಿಲ್ಲ, ಮೈದುನರ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರಬಹುದು, ಅಷ್ಟೆ. ಹೊಸ್ತಿಲು ದಾಟದೆ ಕೈಗೆ ದುಡ್ಡು ಬರುವ ಮರ್ಯಾದಸ್ಥ ದಾರಿ ಎಂದರೆ ಬಾಡಿಗೆ ಒಂದೇ. ಬಾಡಿಗೆಯವರೇ ಬಾಗಿಲಿಗೆ ಬಂದು ಎಣಿಸಿ ಕೊಡುತ್ತಾರೆ.

ನಮ್ಮ ಯಜಮಾನರ ಅಜ್ಜಿಯ ವಿಷಯವೂ ಇದೇ. ತಾತ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು 1938ರಲ್ಲಿ ತೀರಿಕೊಂಡಾಗ ಅಜ್ಜಿಗೆ ಇಪ್ಪತ್ತೆಂಟು, ಮಡಿಲಲ್ಲಿ ಒಬ್ಬನೇ ಮಗ. ಮನೆಯ ಮುಂಭಾಗ ಅವರ ಹೆಸರಿಗೆ ಉಳಿಯಿತು. ಅಜ್ಜಿ ಡಾಬು, ನಾಗರು, ನಾಲ್ಕು ಜೊತೆ ಬಳೆ ಮಾರಿ 1941ರಲ್ಲಿ ಹಿತ್ತಿಲಿನಲ್ಲಿ ಐದು ಮನೆ ಹಾಕಿಸಿದರಂತೆ. ಸುಣ್ಣದ ಗಾರೆ, ಮಂಗಳೂರು ಹೆಂಚು. ಒಂದೊಂದಕ್ಕೂ ಒಂದು ನಡುಮನೆ, ಒಂದು ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಚಿನ್ನ ಮಾರಿದ್ದಕ್ಕೆ ತವರಿನವರು ಮುನಿಸಿಕೊಂಡರು. 'ಪೆಟ್ಟಿಗೇಲಿದ್ದ ಚಿನ್ನ ಮರಿ ಹಾಕತ್ತಾ?' ಎಂದು ಅಜ್ಜಿ ಕೇಳಿದರು ಎಂಬ ಮಾತು ನಮ್ಮ ಮನೆಯಲ್ಲಿ ಇಂದಿಗೂ ಓಡಾಡುತ್ತಿದೆ.

ಇಲ್ಲಿ ಮೈಸೂರು ಸಂಸ್ಥಾನದ ಒಂದು ಕಾನೂನನ್ನು ನೆನೆಯಬೇಕು. ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ 1933ರಲ್ಲಿ ಸಂಸ್ಥಾನ ಒಂದು ಕಾನೂನು ಮಾಡಿತು. ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ವಿಭಾಗದ ವೇಳೆ ಪಾಲು ಸಿಗಬೇಕು, ಸ್ತ್ರೀಧನದ ಮೇಲೆ ಹೆಣ್ಣಿಗೇ ಅಧಿಕಾರ ಎಂದು ಅದು ಹೇಳಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಯ ಕಾನೂನು ಬಂದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. ನಮ್ಮ ಅಜ್ಜಿ ಈ ಕಾನೂನನ್ನು ಓದಿದ್ದರೆಂದು ನಾನು ಹೇಳಲಾರೆ. ಆದರೆ 'ಮನೇ ಬಿಟ್ಟು ಹೋಗು' ಎಂದು ಅವರನ್ನು ಯಾರೂ ಗದರಿಸಲಾಗಲಿಲ್ಲ ಎಂಬುದಂತೂ ನಿಜ. 1956ರ ಹಿಂದೂ ಉತ್ತರಾಧಿಕಾರ ಕಾನೂನು ಹೆಂಗಸಿನ ಕೈಯಲ್ಲಿರುವ ಆಸ್ತಿ ಅವಳದೇ ಪೂರ್ಣ ಸ್ವತ್ತು ಎಂದಾಗ ಅಜ್ಜಿಯ ವಠಾರಕ್ಕೆ ಹದಿನೈದು ತುಂಬಿತ್ತು.

ಐದು ಮನೆಗಳಿಂದ ಮೊದಲು ಬಂದ ಬಾಡಿಗೆ ಮನೆಗೆ ಏಳು ರೂಪಾಯಿಯಂತೆ ಮೂವತ್ತೈದು. ಅಜ್ಜಿಯ ಬಾಡಿಗೆ ಪುಸ್ತಕ ನನ್ನ ಹತ್ತಿರ ಇದೆ. ಮೊದಲ ಪುಟಗಳಲ್ಲಿ ಬರೀ ಗೀಟುಗಳು, ಮನೆಗೊಂದು ಸಾಲು, ತಿಂಗಳಿಗೊಂದು ಗೀಟು, ಬಾಕಿಯಿದ್ದರೆ ಸೊನ್ನೆ. ಆಮೇಲೆ ಅವರು ಅಕ್ಷರ ಕಲಿತಿದ್ದಾರೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಸುಣ್ಣ, ಹೆಂಚು, ನಲ್ಲಿ ವಾಸರು ಎಂದು ಖರ್ಚು ಬರೆದಿದ್ದಾರೆ. ಬಂದದ್ದರಲ್ಲಿ ಆರರಲ್ಲಿ ಒಂದು ಪಾಲನ್ನು ಮುಟ್ಟದೆ ಬೇರೆ ಡಬ್ಬಿಯಲ್ಲಿ ಹಾಕುತ್ತಿದ್ದರು. ಅದು ರಿಪೇರಿಯ ಡಬ್ಬಿ. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಸುಣ್ಣ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು. ಒಡೆದ ಹೆಂಚು ಇದ್ದ ಮನೆಯವರು ಕೇಳುವ ಮೊದಲೇ ಆಳು ಮಾಡಿನ ಮೇಲಿರುತ್ತಿದ್ದ. ಬಹಳ ವರ್ಷಗಳ ಮೇಲೆ ಆದಾಯ ತೆರಿಗೆಯ ಅರ್ಜಿ ತುಂಬುವಾಗ ಗೊತ್ತಾಯಿತು, ಆ ಕಾನೂನಿನಲ್ಲೂ ರಿಪೇರಿಗೆಂದು ಬಾಡಿಗೆಯ ಆರರಲ್ಲಿ ಒಂದು ಭಾಗ ಬಿಡುತ್ತಿದ್ದರು. ಈಗ ಅದನ್ನು ನೂರಕ್ಕೆ ಮೂವತ್ತು ಮಾಡಿದ್ದಾರೆ. ಅಜ್ಜಿಯನ್ನು ಯಾವ ಅರ್ಥಶಾಸ್ತ್ರಜ್ಞರೂ ಕೇಳಿರಲಾರರು.

ವಠಾರ ನಡೆಸುವುದೆಂದರೆ ನೀರು ನಡೆಸುವುದು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ. ಮೊದಲನೇ ಮನೆ ಸೋಮವಾರ ಮೊದಲು, ಎರಡನೇ ಮನೆ ಮಂಗಳವಾರ ಮೊದಲು, ಹೀಗೆ ಸರದಿ. ಶನಿವಾರ, ಭಾನುವಾರ ಮನೆಗೆ ಇಷ್ಟೇ ಬಿಂದಿಗೆ ಎಂದು ಎಣಿಕೆ. ಬಾಣಂತಿ ಇದ್ದ ಮನೆಗೆ ದಿನಾ ಎರಡು ಬಿಂದಿಗೆ ಹೆಚ್ಚು. ಅದಕ್ಕೆ ಯಾರೂ ತಕರಾರು ಮಾಡುವಂತಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದಿತ್ತು, 1974ರಲ್ಲಿ ಕಾವೇರಿ ಬಂದಳು, ನಮ್ಮ ಓಣಿಯ ಕೊನೆಯಲ್ಲಿ ಮಾತ್ರ ನಲ್ಲಿ ಒಂದೇ. ಕರೆಂಟಿಗೂ ಒಂದೇ ಮೀಟರು. ದೀಪಕ್ಕೆ ಇಷ್ಟು ಎಂದು ವಸೂಲಿ. ಇಸ್ತ್ರಿಪೆಟ್ಟಿಗೆ ಬಂದ ಮೇಲೆ, ಆಮೇಲೆ ಟಿ.ವಿ. ಬಂದ ಮೇಲೆ ಆ ಲೆಕ್ಕವೆಲ್ಲ ಕೆಟ್ಟು ಜಗಳ ಶುರುವಾಯಿತು.

ವಠಾರ ಎಂದರೆ ಒಂದೇ ಕುಟುಂಬದಂತಿತ್ತು, ಒಬ್ಬರ ಮನೆಯ ಹುಳಿ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು ಎಂದು ಹೇಳುವವರು ಬಹಳ ಮಂದಿ. ಸುಳ್ಳಲ್ಲ. ನಮ್ಮ ಯಜಮಾನರು ಮೂರನೇ ಮನೆಯ ಮೇಷ್ಟ್ರ ಹತ್ತಿರ ಲೆಕ್ಕ ಕಲಿತರು, ಐದನೇ ಮನೆಯಲ್ಲಿ ಊಟ ಮಾಡಿ ಮಲಗಿದರು. ಆದರೆ ಯಾರ ಹುಳಿ ಯಾರ ಮನೆಗೆ ಹೋಗುತ್ತಿತ್ತು ಎಂದೂ ಕೇಳಬೇಕಲ್ಲ. ಮನೆ ಕೇಳಲು ಬಂದವರಿಗೆ ಮೊದಲ ಪ್ರಶ್ನೆ, 'ನೀವು ಯಾವ ಪೈಕಿ?' ಉತ್ತರ ಸರಿಹೋಗದಿದ್ದರೆ 'ಮನೆ ಆಗಲೇ ಗೊತ್ತಾಗಿಬಿಟ್ಟಿದೆ' ಎಂಬ ನಯವಾದ ಸುಳ್ಳು. ಬಾಗಿಲಿಗೆ ತೂಗುಹಾಕಿದ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಮಾತ್ರ ಅಲ್ಲೇ ಇರುತ್ತಿತ್ತು. ಪ್ಲೇಗು ಓಡಿಸಲು ಕಟ್ಟಿದ ಬಡಾವಣೆ ಈ ರೋಗವನ್ನು ಪೇಟೆಯಿಂದ ಜೊತೆಯಲ್ಲೇ ತಂದಿತು. ಇಂದು 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಮೂರು ಅಕ್ಷರ ಹೆಚ್ಚಿನ ಮಾತಿನಲ್ಲಿ ಅದೇ ಪ್ರಶ್ನೆ ಉಳಿದಿದೆ. ನನ್ನ ಸಹೋದ್ಯೋಗಿ ಒಬ್ಬರು, ಬಹಳ ಒಳ್ಳೆಯ ವಿಜ್ಞಾನದ ಟೀಚರು, ಬಸವನಗುಡಿಯಲ್ಲಿ ಮನೆ ಹುಡುಕುತ್ತಾ ಹನ್ನೊಂದು ಬಾಗಿಲು ತಟ್ಟಿದರು. ಹನ್ನೆರಡನೆಯದು ಸಿಕ್ಕಿದ್ದು ಬಸವನಗುಡಿಯಲ್ಲಲ್ಲ.

ಎರಡನೇ ಮಹಾಯುದ್ಧ ಬಂದು ಬೆಂಗಳೂರಿನ ಹಣೆಬರಹ ಬದಲಾಯಿತು. 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು, ದಂಡಿನಲ್ಲಿ ಸೈನ್ಯ ತುಂಬಿತು. ಯುದ್ಧ ಮುಗಿದ ಮೇಲೆ ದೂರವಾಣಿ ಕಾರ್ಖಾನೆ, ಎಚ್.ಎಂ.ಟಿ., ಬಿ.ಇ.ಎಲ್. ಬಂದವು. ದಂಡೂ ಊರೂ ಸೇರಿ 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನ 1951ರ ಹೊತ್ತಿಗೆ ಏಳು ಮುಕ್ಕಾಲು ಲಕ್ಷ ದಾಟಿದರು. ಮನೆಗಳು ಹತ್ತು ವರ್ಷದಲ್ಲಿ ಎರಡರಷ್ಟಾಗುತ್ತವೆಯೇ? ಬಾಡಿಗೆ ಏರಿತು, ಇದ್ದವರನ್ನು ಬಿಡಿಸಿ ಹೆಚ್ಚು ಕೊಡುವವರನ್ನು ಕೂಡಿಸುವುದು ಶುರುವಾಯಿತು. ಆಗ ಬಂತು ಬಾಡಿಗೆ ನಿಯಂತ್ರಣ.

ಬಾಡಿಗೆಗೆ ಕಾನೂನಿನ ಕಡಿವಾಣ ಹಾಕಿಸಿದವರಲ್ಲಿ ಹೆಂಗಸರು ಮುಂದಾಗಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ. ಮೊದಲ ಮಹಾಯುದ್ಧದ ಕಾಲಕ್ಕೆ, 1915ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಜನ ತುಂಬಿದಾಗ ಮನೆ ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಮೇರಿ ಬಾರ್ಬರ್ ಎಂಬಾಕೆಯ ಮುಂದಾಳುತನದಲ್ಲಿ ಗೃಹಿಣಿಯರು ಹೆಚ್ಚಿನ ಬಾಡಿಗೆ ಕೊಡುವುದಿಲ್ಲವೆಂದು ಕೂತರು. ಮನೆ ಬಿಡಿಸಲು ಅಮೀನರು ಬಂದರೆ ಗಂಟೆ ಬಾರಿಸಿ ನೆರೆಯವರನ್ನೆಲ್ಲ ಕೂಡಿಸಿ ಹಿಟ್ಟಿನ ಉಂಡೆ ಎಸೆದು ಓಡಿಸಿದರು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸರ್ಕಾರ ಬಾಡಿಗೆ ಏರಿಕೆ ತಡೆಯುವ ಕಾನೂನು ತಂದಿತು. ಮುಂದಿನ ಯುದ್ಧದ ಹೊತ್ತಿಗೆ ಇಂಥ ಕಟ್ಟುಪಾಡು ನಮ್ಮ ದೇಶದ ಊರುಗಳಿಗೂ ಬಂತು.

ಮೈಸೂರಿನಲ್ಲಿ 1951ರಲ್ಲಿ ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣದ ಕಾನೂನು, ರಾಜ್ಯ ಒಂದಾದ ಮೇಲೆ 1961ರಲ್ಲಿ ಇಡೀ ರಾಜ್ಯಕ್ಕೆ ಬಾಡಿಗೆ ನಿಯಂತ್ರಣ ಕಾನೂನು. ಮನೆ ಖಾಲಿಯಾದರೆ ಹದಿನೈದು ದಿನದೊಳಗೆ ಕಂಟ್ರೋಲರಿಗೆ ತಿಳಿಸಬೇಕು. ಬಾಡಿಗೆ ಎಷ್ಟೆಂದು ತಕರಾರು ಬಂದರೆ ನ್ಯಾಯವಾದ ಬಾಡಿಗೆಯನ್ನು ಅಲ್ಲೇ ಗೊತ್ತುಮಾಡಿಸಬೇಕು. ಬಾಡಿಗೆಯವರನ್ನು ಬಿಡಿಸಬೇಕಾದರೆ ಬಾಕಿ ಉಳಿಸಿಕೊಂಡಿದ್ದಾರೆ, ಒಳಬಾಡಿಗೆಗೆ ಕೊಟ್ಟಿದ್ದಾರೆ, ಸ್ವಂತಕ್ಕೆ ನಿಜವಾಗಿ ಬೇಕಾಗಿದೆ ಎಂಬಂಥ ಕಾನೂನು ಹೇಳಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸ್ವಂತಕ್ಕೆ ಬೇಕು ಎಂದರೂ ಸಾಲದು, ಬಿಟ್ಟರೆ ಬಾಡಿಗೆಯವರಿಗೆ ಆಗುವ ಕಷ್ಟ ಹೆಚ್ಚೋ ಬಿಡದಿದ್ದರೆ ಮಾಲೀಕರಿಗೆ ಆಗುವ ಕಷ್ಟ ಹೆಚ್ಚೋ ಎಂದು ಕೋರ್ಟು ತೂಗಿ ನೋಡುತ್ತದೆ. ಎಚ್.ಆರ್.ಸಿ. ಕೇಸು ಎಂಬ ಮಾತು ಬೆಂಗಳೂರಿನ ಅಡುಗೆಮನೆಗಳಲ್ಲೂ ಪ್ರಚಾರಕ್ಕೆ ಬಂದದ್ದು ಹೀಗೆ.

ಈ ಕಾನೂನಿನಿಂದ ಬದುಕಿಕೊಂಡವರು ಲಕ್ಷಾಂತರ ಮಂದಿ, ಅದರಲ್ಲಿ ಅನುಮಾನವಿಲ್ಲ. ನಮ್ಮ ತಂದೆಯವರೂ ಬಾಡಿಗೆ ಮನೆಯಲ್ಲೇ ನಮ್ಮನ್ನು ಓದಿಸಿದರು. ಆದರೆ ಸಣ್ಣ ಮಾಲೀಕರ, ಅದರಲ್ಲೂ ಅಜ್ಜಿಯಂಥವರ, ಡಬ್ಬಿ ಬರಿದಾಯಿತು. ಬಾಡಿಗೆ ಏರದಿದ್ದರೆ ಹೆಂಚು ಬದಲಾಗುವುದಿಲ್ಲ. ಹೆಂಚು ಬದಲಾಗದಿದ್ದರೆ ಬಾಡಿಗೆಯವರು ಹೆಚ್ಚು ಕೊಡುವುದಿಲ್ಲ. ಗೋಡೆ ಕುಸಿಯುವವರೆಗೂ ಇಬ್ಬರೂ ಎದುರು ಬದುರು ಮುಖ ತಿರುಗಿಸಿಕೊಂಡು ಕೂರುತ್ತಾರೆ. 1960ರ ಸುಮಾರಿಗೆ ಹದಿನೆಂಟು ರೂಪಾಯಿಯಿದ್ದ ನಮ್ಮ ಐದನೇ ಮನೆಯ ಬಾಡಿಗೆ 1990ರಲ್ಲಿ ಅರವತ್ತೈದು. ಹೆಂಚು ಕೈಯಾಡಿಸುವ ಇಬ್ಬರು ಆಳುಗಳ ಒಂದು ದಿನದ ಕೂಲಿಯೂ ಅದರಲ್ಲಿ ಹೊರಡುತ್ತಿರಲಿಲ್ಲ.

ಮನೆಗೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸು ಕೇಳುವ ಬೆಂಗಳೂರಿನ ಪದ್ಧತಿಗೂ, ದೊಡ್ಡ ಮೊತ್ತ ಇಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಭೋಗ್ಯಕ್ಕೂ ಈ ಕಾಲದಲ್ಲೇ ಬಲ ಬಂತೆಂದು ನನ್ನ ಅಂದಾಜು. ಬಾಡಿಗೆ ಏರಿಸಲು ಆಗದಿದ್ದರೆ ಮೊದಲೇ ಕೈತುಂಬ ಹಿಡಿದುಕೊಳ್ಳುವುದು ಮನುಷ್ಯ ಸ್ವಭಾವ.

ಅಜ್ಜಿ 1968ರಲ್ಲಿ ಹೋದರು. ಮಾವನವರು 1986ರಲ್ಲಿ. ವಠಾರ ಅತ್ತೆಯ ಸೆರಗಿಗೆ ಬಂತು. ನಾನು ಸೊಸೆಯಾಗಿ ಬಂದ ಎರಡನೇ ವರ್ಷ ನಾದಿನಿ ಗಂಡನನ್ನು ಕಳೆದುಕೊಂಡು ಎರಡು ಎಳೆಯ ಮಕ್ಕಳೊಂದಿಗೆ ತವರಿಗೆ ಬಂದಳು. ಮುಂದಿನ ಮನೆಯಲ್ಲಿ ನಾವು, ಅತ್ತೆ, ನಮ್ಮ ಮಗು. ಜಾಗವಿರಲಿಲ್ಲ. ಅತ್ತೆ ಐದನೇ ಮನೆಯನ್ನು ಮಗಳಿಗೆ ಬಿಡಿಸಿಕೊಡಬೇಕೆಂದರು. ಅಲ್ಲಿದ್ದವರು 1962ರಿಂದ ಇದ್ದ ಒಬ್ಬ ಹಿರಿಯ ಹೆಂಗಸು, ಅವರೂ ಗಂಡನಿಲ್ಲದವರು. ಮಗನಿಗೆ ನೆಲೆಯಾದ ಕೆಲಸವಿಲ್ಲ. ನಮ್ಮ ಯಜಮಾನರು ಊಟ ಮಾಡಿ ಮಲಗುತ್ತಿದ್ದದ್ದು ಅದೇ ಮನೆಯಲ್ಲಿ. ಅರವತ್ತೈದು ರೂಪಾಯಿಗೆ ಅವರಿಗೆ ಬೆಂಗಳೂರಿನಲ್ಲಿ ಸಿಗುವುದು ಇನ್ನೆಲ್ಲಿ?

1995ರಲ್ಲಿ ಕೇಸು ಹಾಕಿದೆವು. ನಾಲ್ಕು ವರ್ಷ ನಡೆಯಿತು. ಲಘು ವ್ಯಾಜ್ಯಗಳ ಕೋರ್ಟಿನ ಮೊಗಸಾಲೆಯಲ್ಲಿ ಒಂದೇ ಬೆಂಚಿನ ಎರಡು ಕೊನೆಗೆ ಇಬ್ಬರು ಹೆಂಗಸರೂ ಕೂರುತ್ತಿದ್ದರು. ಒಳಗೆ ವಕೀಲರು ಯಾರ ಕಷ್ಟ ದೊಡ್ಡದು ಎಂದು ವಾದಿಸುತ್ತಿದ್ದರು. ವಾಯಿದೆ ಸಿಕ್ಕಿ ಹೊರಗೆ ಬಂದ ಮೇಲೆ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಬರುತ್ತಿದ್ದರು, ಬಾಡಿಗೆ ಅರ್ಧರ್ಧ. ನನಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡಿತು. ಅತ್ತೆಯನ್ನು ಕೇಳಿದ್ದಕ್ಕೆ, 'ಜಗಳ ಮನೇದು ಕಣೆ, ಆಟೋದ್ದಲ್ಲ' ಅಂದರು. ಯಾರ ಕಷ್ಟ ದೊಡ್ಡದು ಎಂದು ನನ್ನನ್ನು ಕೇಳಿದ್ದರೆ ನಾನು ಹೇಳಲಾಗುತ್ತಿರಲಿಲ್ಲ. ಸೊಸೆಯಾಗಿ ಒಂದು ಉತ್ತರ, ಬಾಡಿಗೆ ಮನೆಯಲ್ಲಿ ಬೆಳೆದವಳಾಗಿ ಇನ್ನೊಂದು.

ಕೊನೆಗೆ 1999ರಲ್ಲಿ ಕೋರ್ಟಿನ ಹೊರಗೇ ರಾಜಿಯಾಯಿತು. ಒಂದು ವರ್ಷದ ಗಡುವು, ಉಳಿದಿದ್ದ ಬಾಕಿ ಮನ್ನಾ, ಹೊಸ ಮನೆಗೆ ಕೊಡಬೇಕಾದ ಅಡ್ವಾನ್ಸಿನಲ್ಲಿ ಅರ್ಧ ನಾವು ಕೊಡುವುದು. ಅವರು ಕತ್ರಿಗುಪ್ಪೆಯ ಕಡೆ ಹೋದರು. ಮನೆ ಬಿಟ್ಟ ದಿನ ಅತ್ತೆ ಅವರಿಗೆ ಸೀರೆ ಕೊಟ್ಟರು. ಅವರು ಅದನ್ನು ತೆಗೆದುಕೊಂಡರು, ಆದರೆ ಉಡಲಿಲ್ಲ ಎಂದು ಆಮೇಲೆ ತಿಳಿಯಿತು.

ಹಳೆಯ ಕಾನೂನಿನ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾನೂನಿಗೆ 1999 ಎಂಬ ಹೆಸರಿದ್ದರೂ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಇಂದು ನಾವು ನೀವು ಕೊಡುವ, ತೆಗೆದುಕೊಳ್ಳುವ ಬಹುಪಾಲು ಬಾಡಿಗೆಗಳು ಅದರ ಹೊರಗೆ. ಮನೆ ಕೊಟ್ಟ ವಿಧವೆಗೆ, ಅರವತ್ತೈದು ದಾಟಿದವರಿಗೆ ಸ್ವಂತ ವಾಸಕ್ಕೆ ಬೇಕಾದರೆ ಬೇಗ ಬಿಡಿಸಿಕೊಡುವ ಕಲಮನ್ನೂ ಅದರಲ್ಲಿ ಸೇರಿಸಿದರು. ನಾಲ್ಕು ವರ್ಷ ಬೆಂಚಿನ ಮೇಲೆ ಕೂತೆದ್ದ ಅತ್ತೆ ಪತ್ರಿಕೆಯಲ್ಲಿ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

ಈಗ ಎಲ್ಲವೂ ಅಗ್ರಿಮೆಂಟಿನ ಮೇಲೆ. ಹನ್ನೊಂದು ತಿಂಗಳು ಯಾಕೆ, ಹನ್ನೆರಡೇಕಲ್ಲ ಎಂದು ನನ್ನ ಶಾಲೆಯ ಹೊಸ ಟೀಚರೊಬ್ಬಳು ಕೇಳಿದಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾನೂನು ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ. ಹೀಗೆ ಹನ್ನೊಂದು ಎಂಬುದು ಬ್ರಿಟಿಷರ ಕಾಲದ ಒಂದು ಕಾನೂನಿಗೆ ನಾವು ಹೊಸೆದುಕೊಂಡ ಉಪಾಯ. ಅಗ್ರಿಮೆಂಟು ಮುಗಿದಾಗ ಬಣ್ಣ ಹೊಡೆಸುವ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯೂ ಇದೆ. ಬಣ್ಣ ಹೊಡೆಸಿದರೆ ಸರಿ. ಹೊಡೆಸದೆ ಮುಂದಿನವರಿಗೂ ಅದೇ ಗೋಡೆ ತೋರಿಸಿ ಮತ್ತೆ ಹಿಡಿದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕಳ್ಳತನವೇ. ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾನೂನನ್ನು ರಾಜ್ಯಗಳ ಮುಂದಿಟ್ಟಿತು. ಮಾದರಿ ಎಂದ ಮೇಲೆ ರಾಜ್ಯ ಒಪ್ಪಿ ತನ್ನದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ.

ಆ ಟೀಚರಳೂ ಅವಳ ಗಂಡನೂ ಸಾಲ ಮಾಡಿ ಒಂದು ಫ್ಲಾಟು ಕೊಂಡು ಬಾಡಿಗೆಗೆ ಬಿಡುವ ಆಲೋಚನೆಯಲ್ಲಿದ್ದರು. 'ಬಾಡಿಗೇಲೇ ಕಂತು ತೀರತ್ತೆ ಅಲ್ವಾ ಮೇಡಂ?' ಎಂದಳು. ಸ್ಟಾಫ್ ರೂಮಿನಲ್ಲೇ ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅರವತ್ತು ಲಕ್ಷದ ಫ್ಲಾಟು, ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ ಎಂದುಕೊಳ್ಳೋಣ. ವರ್ಷಕ್ಕೆ 2,16,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದು 18,000 ಕಳೆಯಬೇಕು. ಫ್ಲಾಟಿನ ನಿರ್ವಹಣೆಗೆ ತಿಂಗಳಿಗೆ 2,500ರಂತೆ 30,000. ಮನೆ ಕಂದಾಯ, ನಲ್ಲಿ, ಗೀಸರ್ ರಿಪೇರಿ ಎಂದು 15,000. ಉಳಿಯುವುದು 1,53,000, ಅಂದರೆ ಹಾಕಿದ ಹಣಕ್ಕೆ ನೂರಕ್ಕೆ ಎರಡೂವರೆ. ಸಾಲದ ಬಡ್ಡಿ ಅದರ ಮೂರರಷ್ಟು. ಅವಳ ಮುಖ ಸಣ್ಣದಾಯಿತು. ಕೊಳ್ಳಬೇಡ ಎಂದು ನಾನು ಹೇಳಲಿಲ್ಲ. ಕಂತು ಸಂಬಳದಿಂದಲೇ ಕಟ್ಟುವ ಶಕ್ತಿ ಇದ್ದರೆ ಕೊಳ್ಳಿ, ಪತ್ರದಲ್ಲಿ ನಿನ್ನ ಹೆಸರೂ ಇರಲಿ, ಬಾಡಿಗೆಯವರ ಅಡ್ವಾನ್ಸು ಅವರ ದುಡ್ಡು, ಅದನ್ನು ಮುಟ್ಟದೆ ಬ್ಯಾಂಕಿನಲ್ಲಿಡು ಎಂದೆ. ಅಜ್ಜಿಯ ಡಬ್ಬಿಯ ಕಥೆಯನ್ನೂ ಹೇಳಿದೆ. ಅವಳಿಗೆ ಅದು ಬಹಳ ಇಷ್ಟವಾಯಿತು, ಲೆಕ್ಕಕ್ಕಿಂತ.

ನಮ್ಮ ಬೀದಿಯಲ್ಲಿ ಈಗ ಉಳಿದಿರುವ ವಠಾರ ಬೆರಳೆಣಿಕೆಯಷ್ಟು. ಹಸಿರು ಮಾರ್ಗದ ಮೆಟ್ರೋ ಮಲ್ಲೇಶ್ವರಕ್ಕೂ ಬಸವನಗುಡಿಗೂ ಬಂದ ಮೇಲೆ ನೆಲಕ್ಕೆ ಇನ್ನೂ ರೆಕ್ಕೆ ಬಂತು. ಬಿಲ್ಡರುಗಳು ನಮ್ಮಲ್ಲಿಗೂ ಬಂದಿದ್ದರು, ಅರ್ಧ ನಿಮಗೆ ಅರ್ಧ ನಮಗೆ ಎಂದು. ಅದಕ್ಕೂ ಮೊದಲು ನೆಂಟರು ಬಂದರು. ನಾದಿನಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಬಿಡಿ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ, ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟರಾಯಿತು ಎಂದರು. ಗಂಡನಿಲ್ಲದವಳ ಮುಂದೆಯೇ ಅರಿಸಿನ ಕುಂಕುಮದ ಮಾತು! ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಎಂದು ನಮ್ಮ ರಾಜ್ಯದಲ್ಲಿ 1994ರಲ್ಲಿ, ಅದೂ ಆಗ ಮದುವೆಯಾಗದವರಿಗೆ ಮಾತ್ರ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂತಲ್ಲ, ಅವರೆಲ್ಲ ಅದನ್ನೇ ಹಿಡಿದು ಇವಳಿಗೆ ಬರುತ್ತದೋ ಇಲ್ಲವೋ ಎಂದು ಚರ್ಚೆ ಮಾಡಿದರು. ಅಸಲಿಗೆ ಆ ಚರ್ಚೆಯೇ ಬೇಕಿರಲಿಲ್ಲ. ಇದು ಅಜ್ಜಿಯ ಸ್ವಂತ ಸ್ವತ್ತು. ಅವರಿಂದ ಒಬ್ಬನೇ ಮಗನಿಗೆ ಬಂದದ್ದು. ಆ ಮಗ ಉಯಿಲು ಬರೆಯದೆ ತೀರಿಕೊಂಡ ದಿನವೇ 1956ರ ಕಾನೂನಿನಂತೆ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮನಾಗಿ ಮೂರು ಪಾಲು. ನಾದಿನಿಯ ಪಾಲು 1986ರಿಂದಲೂ ಅಲ್ಲೇ ಇತ್ತು, ಯಾರೂ ಹೇಳಿರಲಿಲ್ಲ ಅಷ್ಟೆ.

ಅತ್ತೆ ನೆಂಟರಿಗೆ ಕಾಫಿ ಕೊಟ್ಟು ಕಳಿಸಿದರು. ಬಿಲ್ಡರಿಗೂ ಕಾಫಿ ಕೊಟ್ಟು ಕಳಿಸಿದರು. 2011ರಲ್ಲಿ ಹೆಂಚಿನ ಮನೆಗಳನ್ನು ಕೆಡವಿ ಬ್ಯಾಂಕಿನ ಸಾಲದಲ್ಲಿ ನಾವೇ ಮೂರು ಅಂತಸ್ತು ಕಟ್ಟಿಸಿದೆವು. ಅತ್ತೆ ಬದುಕಿದ್ದಾಗಲೇ ವಿಭಾಗ ಪತ್ರ ನೋಂದಣಿಯಾಯಿತು. ನೆಲ ಅಂತಸ್ತು ನಾದಿನಿಗೆ. ಅದರಲ್ಲಿ ಎರಡು ಮನೆ. ಒಂದರಲ್ಲಿ ಅವಳಿದ್ದಾಳೆ, ಇನ್ನೊಂದರಲ್ಲಿ ಹಾಸನದ ಕಡೆಯ ಮೂವರು ಹುಡುಗಿಯರಿದ್ದಾರೆ, ಇಬ್ಬರು ನರ್ಸುಗಳು, ಒಬ್ಬಳು ಬ್ಯಾಂಕಿನವಳು. ಯಾವ ಪೈಕಿ ಎಂದು ನಾದಿನಿ ಕೇಳಲಿಲ್ಲ. ಮೂರು ತಿಂಗಳ ಅಡ್ವಾನ್ಸು ತೆಗೆದುಕೊಂಡಿದ್ದಾಳೆ, ಅವರ ಹೆಸರಿನ ಮುಂದೆ ಅಜ್ಜಿಯ ಪುಸ್ತಕದಲ್ಲೇ, ಖಾಲಿ ಉಳಿದಿದ್ದ ಪುಟಗಳಲ್ಲಿ, ಬರೆದುಕೊಳ್ಳುತ್ತಾಳೆ. ಈಗ ಬಾಡಿಗೆ ಮೊಬೈಲಿಗೆ ಬರುತ್ತದೆ, ಪುಸ್ತಕವೇಕೆ ಎಂದರೆ ಕೇಳುವುದಿಲ್ಲ. ಹಳೆಯ ಒಗೆಯುವ ಕಲ್ಲನ್ನು ಮಾತ್ರ ಕೆಡವುವವರು ಎತ್ತಲಾರದೆ ಸಂಪಿನ ಪಕ್ಕದಲ್ಲೇ ಬಿಟ್ಟು ಹೋದರು. ಭಾನುವಾರ ಆ ಹುಡುಗಿಯರು ಅದರ ಮೇಲೆ ಕೂತು ತಲೆಗೂದಲು ಒಣಗಿಸಿಕೊಳ್ಳುತ್ತಾರೆ.